ಹಡಗಿನ ಲೆಕ್ಕ ಸಿಗುತ್ತದೆ, ಅರಸನ ಲೆಕ್ಕ ನಾವೇ ಬರೆದುಕೊಳ್ಳಬೇಕು: ‘ಸ್ಲೇವ್ ವಾಯೇಜಸ್’ ಜಾಲತಾಣದ ವಿಮರ್ಶೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇತಿಹಾಸ ಕಲಿಸುವವರಿಗೆ, ಪ್ಲಸ್ ಟೂ ಮತ್ತು ಪದವಿ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಈ ಬರಹ. ಗುಲಾಮ ವ್ಯಾಪಾರದ ಬಗ್ಗೆ ಪಠ್ಯದ ಒಂದೆರಡು ಪ್ಯಾರಾ ದಾಟಿ ಹೋಗಬೇಕೆಂದರೆ ಎಲ್ಲರೂ ಕೊನೆಗೆ ತಲುಪುವುದು ಗುಲಾಮರನ್ನು ಸಾಗಿಸಿದ ಹಡಗುಗಳ ದಾಖಲೆ ಇರುವ ‘ಸ್ಲೇವ್ ವಾಯೇಜಸ್’ ಜಾಲತಾಣಕ್ಕೆ. ಅಟ್ಲಾಂಟಿಕ್ ಸಾಗರದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಆದರೆ ಪ್ರಾಜೆಕ್ಟಿನ ವಿಷಯ ‘ದ್ವೀಪರಾಜ್ಯಗಳಲ್ಲಿ ಗುಲಾಮ ವ್ಯಾಪಾರದಿಂದ ಅರಸರ ಬಲ ಹೇಗೆ ಬೆಳೆಯಿತು’ ಎಂದಾದರೆ ಜಾಲತಾಣ ಅರ್ಧ ದಾರಿಗೆ ತಂದು ಬಿಡುತ್ತದೆ. ಉಳಿದರ್ಧವನ್ನು ನಡೆಯುವುದು ಹೇಗೆ ಎಂಬುದನ್ನೂ ಇಲ್ಲಿ ಬರೆದಿದೆ.

ಮೊದಲು ಸೇವೆಯ ಪರಿಚಯ. 1999ರಲ್ಲಿ ಸಿಡಿ ರೂಪದಲ್ಲಿ, 27,233 ಪಯಣಗಳ ದಾಖಲೆಯೊಂದಿಗೆ ಇದು ಹೊರಬಂತು. 2008ರಲ್ಲಿ ಎಮೊರಿ ವಿಶ್ವವಿದ್ಯಾಲಯದಿಂದ ಜಾಲತಾಣವಾಯಿತು, ಆಮೇಲೆ ರೈಸ್ ವಿಶ್ವವಿದ್ಯಾಲಯ ನೋಡಿಕೊಂಡಿತು. ಅಟ್ಲಾಂಟಿಕ್ ದಾಟಿದ 36 ಸಾವಿರಕ್ಕೂ ಹೆಚ್ಚು ಪಯಣಗಳು ಇದರಲ್ಲಿವೆ. ಹಣ ಕೊಡಬೇಕಾಗಿಲ್ಲ, ನೋಡುವುದಕ್ಕೆ ಲಾಗಿನ್ ಕೂಡ ಬೇಡ. ಭಾಷೆ ಇಂಗ್ಲಿಷ್, ಪೋರ್ಚುಗೀಸ್, ಸ್ಪ್ಯಾನಿಷ್. ಕನ್ನಡ ಇಲ್ಲ, ಹಾಗಾಗಿ ಹೈಸ್ಕೂಲ್ ಮಕ್ಕಳ ಕೈಗೆ ನೇರವಾಗಿ ಕೊಟ್ಟರೆ ಪ್ರಯೋಜನವಾಗದು. ಶಿಕ್ಷಕರು ಕೋಷ್ಟಕದ ಕಂಬಸಾಲುಗಳ (ಕಾಲಂಗಳ) ತಲೆಬರಹವನ್ನು ಕನ್ನಡಕ್ಕಿಳಿಸಿ ಕೊಡಬೇಕು.

ಪ್ರತಿಯೊಂದು ಪಯಣಕ್ಕೂ ಒಂದು ಸಂಖ್ಯೆ ಇದೆ. ಆ ಸಂಖ್ಯೆಯ ಅಡಿಯಲ್ಲಿ ಹಡಗಿನ ಹೆಸರು, ಧ್ವಜ, ನಾಯಕ, ಹೊರಟ ಬಂದರು, ಜನರನ್ನು ಕೊಂಡ ಜಾಗ, ಇಳಿಸಿದ ಜಾಗ, ಏರಿಸಿದವರ ಸಂಖ್ಯೆ, ಇಳಿದವರ ಸಂಖ್ಯೆ, ಮೂಲ ದಾಖಲೆ ಇಷ್ಟೂ ಬರುತ್ತವೆ. ಪ್ರತಿ ಸಾಲಿನ ಹಿಂದೆ ಯಾವುದೋ ದಫ್ತರದ ಕಾಗದ ಇದೆ ಎಂಬುದೇ ಇದರ ದೊಡ್ಡ ಗುಣ. ಒಟ್ಟು ಅಂದಾಜಿನ ಪುಟದಲ್ಲಿ 1501ರಿಂದ 1875ರವರೆಗೆ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗಿಗೆ ಏರಿಸಿದ, ಸುಮಾರು 1 ಕೋಟಿ 7 ಲಕ್ಷ ಜನ ಬದುಕಿ ಇಳಿದ ಲೆಕ್ಕ ಸಿಗುತ್ತದೆ. ನಡುವೆ ಕಾಣೆಯಾದ 18 ಲಕ್ಷ ಜನ ಸತ್ತದ್ದು ಕಡಲಿನಲ್ಲಿ. ಗುಲಾಮ ವ್ಯಾಪಾರ ತಡೆಯಲು ಬ್ರಿಟಿಷ್ ನೌಕಾಪಡೆ ಪಹರೆ ನಡೆಸಿದ ಕಾಲದಲ್ಲಿ ಹಿಡಿದ ಹಡಗುಗಳಿಂದ ಬಿಡಿಸಿದ ಸುಮಾರು 91 ಸಾವಿರ ಆಫ್ರಿಕನ್ನರ ಹೆಸರು, ವಯಸ್ಸು, ಲಿಂಗ ಬೇರೊಂದು ವಿಭಾಗದಲ್ಲಿವೆ. ತರಗತಿಯಲ್ಲಿ ಆ ಹೆಸರುಗಳಲ್ಲಿ ಹತ್ತನ್ನಾದರೂ ಗಟ್ಟಿಯಾಗಿ ಓದಿಸಬೇಕು. ಕೋಟಿ, ಲಕ್ಷ ಎಂದು ಹೇಳುತ್ತಾ ಹೋದರೆ ಮಕ್ಕಳಿಗೆ ಒಬ್ಬ ಮನುಷ್ಯನೂ ಕಾಣುವುದಿಲ್ಲ.

ಇನ್ನು ದ್ವೀಪದ ವಿಷಯ. ಉದಾಹರಣೆಗೆ ಮಡಗಾಸ್ಕರ್ ಹಿಡಿಯೋಣ, ಏಕೆಂದರೆ ಅರಸೊತ್ತಿಗೆ ಮತ್ತು ಗುಲಾಮ ವ್ಯಾಪಾರ ಹೆಣೆದುಕೊಂಡದ್ದು ಅಲ್ಲಿ ಹಂತ ಹಂತವಾಗಿ ಕಾಣುತ್ತದೆ.

ಅಟ್ಲಾಂಟಿಕ್ ಪಯಣಗಳ ವಿಭಾಗ ತೆರೆದು, ಪಯಣದ ದಾರಿಯ ಶೋಧಕದಲ್ಲಿ ‘ಜನರನ್ನು ಕೊಂಡ ಜಾಗ’ಕ್ಕೆ ಹೋಗಿ. ಆಗ್ನೇಯ ಆಫ್ರಿಕಾ ಮತ್ತು ಹಿಂದೂ ಮಹಾಸಾಗರದ ದ್ವೀಪಗಳು ಎಂಬ ವಲಯದೊಳಗೆ ಮಡಗಾಸ್ಕರ್ ಇದೆ. ಮೊದಲ ಎಡವಟ್ಟು ಆಗುವುದು ಇಲ್ಲೇ. ಒಂದು ಹಡಗು ಎರಡು ಮೂರು ಕಡೆ ಜನರನ್ನು ಕೊಂಡಿರಬಹುದು. ದತ್ತಾಂಶದಲ್ಲಿ ‘ಮುಖ್ಯ ಜಾಗ’ ಎಂಬ ಒಂದು ಕಂಬಸಾಲು, ಮೊದಲನೆಯ, ಎರಡನೆಯ, ಮೂರನೆಯ ಜಾಗ ಎಂಬ ಬೇರೆ ಕಂಬಸಾಲುಗಳು ಇವೆ. ಮುಖ್ಯ ಜಾಗವನ್ನಷ್ಟೇ ಶೋಧಿಸಿದರೆ ಮೊಜಾಂಬಿಕ್ ಕರಾವಳಿಯಲ್ಲಿ ಹೆಚ್ಚು ಜನರನ್ನು ಕೊಂಡು, ಮಡಗಾಸ್ಕರಿನಲ್ಲಿ ಸ್ವಲ್ಪ ಜನರನ್ನು ಕೊಂಡ ಹಡಗು ಬಿಟ್ಟುಹೋಗುತ್ತದೆ. ಎರಡೂ ರೀತಿಯಲ್ಲಿ ಹುಡುಕಿ, ಪಯಣದ ಸಂಖ್ಯೆ ನೋಡಿ ಪುನರಾವರ್ತನೆ ತೆಗೆಯಬೇಕು.

ಎರಡನೆಯ ಎಡವಟ್ಟು ಇನ್ನೂ ದೊಡ್ಡದು. ಅಂದಾಜಿನ ಪುಟದಲ್ಲಿ ಈ ಇಡೀ ವಲಯಕ್ಕೆ ಸುಮಾರು 5.4 ಲಕ್ಷ ಜನ ಎಂದು ಕಾಣುತ್ತದೆ. ಅದನ್ನು ಮಡಗಾಸ್ಕರಿನ ಲೆಕ್ಕ ಎಂದು ಬರೆದರೆ ಪೂರ್ತಿ ತಪ್ಪು. ಅದರ ಬಹುಪಾಲು ಮೊಜಾಂಬಿಕ್ ಕರಾವಳಿಯ ಬಂದರುಗಳಿಂದ, ಹೆಚ್ಚಾಗಿ 19ನೇ ಶತಮಾನದಲ್ಲಿ, ಬ್ರೆಜಿಲಿನ ಕಡೆಗೆ ಹೋದವರದು. ಮಡಗಾಸ್ಕರಿನಿಂದ ಅಟ್ಲಾಂಟಿಕ್ ದಾಟಿದವರು ಅದರಲ್ಲಿ ಸಣ್ಣ ಭಾಗ. ಅದೂ ಮುಖ್ಯವಾಗಿ ಎರಡು ಅವಧಿಯಲ್ಲಿ: 17ನೇ ಶತಮಾನದ ಕೊನೆಯ ದಶಕಗಳಲ್ಲಿ ಬಾರ್ಬಡೋಸ್, ನ್ಯೂಯಾರ್ಕ್ ಕಡೆಗೆ, 1716ರಿಂದ 1721ರವರೆಗೆ ವರ್ಜೀನಿಯಾ ಮುಂತಾದ ಕಡೆಗೆ.

ಈ ಎರಡು ಉಬ್ಬುಗಳಿಗೆ ಕಾರಣ ಜಾಲತಾಣದ ಕೋಷ್ಟಕದಲ್ಲಿ ಸಿಗದು, ಕಂಪನಿಗಳ ಸನ್ನದಿನಲ್ಲಿ ಸಿಗುತ್ತದೆ. ಇಂಗ್ಲೆಂಡಿನ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯ ಗುಡ್ ಹೋಪ್ ಭೂಶಿರಕ್ಕೆ ಮುಗಿಯುತ್ತಿತ್ತು. ಅದರಾಚೆ ಈಸ್ಟ್ ಇಂಡಿಯಾ ಕಂಪನಿಯದು, ಆದರೆ ಅದಕ್ಕೆ ಅಮೆರಿಕಕ್ಕೆ ಗುಲಾಮರನ್ನು ಸಾಗಿಸುವುದರಲ್ಲಿ ಆಸಕ್ತಿ ಕಡಿಮೆ. ಹೀಗೆ ಎರಡು ಏಕಸ್ವಾಮ್ಯಗಳ ನಡುವಿನ ಸಂದಿಯಲ್ಲಿ ನ್ಯೂಯಾರ್ಕಿನ ಫ್ರೆಡ್ರಿಕ್ ಫಿಲಿಪ್ಸನಂಥ ವರ್ತಕರು ನುಗ್ಗಿದರು. ಮಡಗಾಸ್ಕರಿನ ಪೂರ್ವ ಕರಾವಳಿಯ ಪಕ್ಕದ ಸೇಂಟ್ ಮೇರಿ ದ್ವೀಪದಲ್ಲಿ 1690ರ ದಶಕದಲ್ಲಿ ಅಂಗಡಿ ಇಟ್ಟಿದ್ದ ಆಡಮ್ ಬಾಲ್ಡ್ರಿಜ್ ಕಡಲ್ಗಳ್ಳರಿಗೆ ಸಾಮಾನು ಮಾರುತ್ತ, ಇತ್ತ ಫಿಲಿಪ್ಸನಿಗೆ ಗುಲಾಮರನ್ನು ಒದಗಿಸುತ್ತಿದ್ದ. ಕಡಲ್ಗಳ್ಳರ ಹಡಗುಗಳ ವ್ಯವಹಾರ ಯಾವ ಸುಂಕದ ಕಟ್ಟೆಯ ಪುಸ್ತಕಕ್ಕೂ ಸರಿಯಾಗಿ ಏರಿಲ್ಲ. ಹಾಗಾಗಿ ಈ ಅವಧಿಗೆ ಜಾಲತಾಣದ ಸಂಖ್ಯೆಯನ್ನು ಕನಿಷ್ಠ ಮಿತಿ ಎಂದೇ ಓದಬೇಕು.

ಅಡಿಕೆ ಮಂಡಿಯ ರಸೀದಿಯಲ್ಲಿ ಚೀಲದ ತೂಕ, ಲಾರಿಯ ನಂಬರು ಇರುತ್ತದೆಯೇ ಹೊರತು ತೋಟದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಇರುವುದಿಲ್ಲ. ಈ ದತ್ತಾಂಶದ ಮಿತಿಯೂ ಅದೇ. ಅದು ಬಂದರಿನಿಂದ ಶುರುವಾಗುತ್ತದೆ. ಅರಸನ ಬಲ ಹುಟ್ಟಿದ್ದು ಒಳನಾಡಿಗೂ ಬಂದರಿಗೂ ನಡುವಿನ ದಾರಿಯಲ್ಲಿ.

ಆದ್ದರಿಂದ ಶೋಧಿಸಿದ ಕೋಷ್ಟಕದ ಸಿಎಸ್‌ವಿ ಕಡತ (ಅಲ್ಪವಿರಾಮದಿಂದ ಬೇರ್ಪಡಿಸಿದ ದತ್ತಾಂಶ) ಇಳಿಸಿಕೊಂಡ ಮೇಲೆ ಅದಕ್ಕೆ ನಾವೇ ನಾಲ್ಕು ಹೊಸ ಕಂಬಸಾಲು ಸೇರಿಸಬೇಕು: ಬಂದರನ್ನು ಆಳುತ್ತಿದ್ದವರು, ಜನರನ್ನು ಹಿಡಿದು ತಂದವರು, ಬದಲಿಗೆ ಸಿಕ್ಕ ಸಾಮಾನು, ಆ ಸಾಮಾನು ಕೊನೆಗೆ ಸೇರಿದ್ದು ಯಾರ ಕೈಗೆ. ನಾಲ್ಕೂ ಎಲ್ಲ ಸಾಲಿಗೂ ತುಂಬುವುದಿಲ್ಲ, ತುಂಬಬೇಕೆಂದೂ ಇಲ್ಲ. ತಿಳಿಯದ ಕಡೆ ಖಾಲಿ ಬಿಡಬೇಕು.

ಮಡಗಾಸ್ಕರಿಗೆ ಮೊದಲ ಕಂಬಸಾಲು ಹೀಗೆ ತುಂಬುತ್ತದೆ. ವಾಯವ್ಯದ ಬೊಯಿನಾ ಕೊಲ್ಲಿ, ಹಳೆಯ ದಾಖಲೆಗಳಲ್ಲಿ ಮಸಲಾಜ್: 17ನೇ ಶತಮಾನದಲ್ಲಿ ಅದು ಮುಸ್ಲಿಂ ವರ್ತಕರ ಪಟ್ಟಣ, ಆ ಶತಮಾನದ ಕೊನೆಗೆ ಸಕಲಾವ ಅರಸರ ವಶ. ಪಶ್ಚಿಮ ಕರಾವಳಿಯ ಮೆನಬೆ ಕೂಡ ಸಕಲಾವ ಮನೆತನದ್ದೇ. ಪೂರ್ವದ ಆಂತೊಂಗಿಲ್ ಕೊಲ್ಲಿ, ಫೂಲ್‌ಪಾಯಿಂಟ್, ತಮತಾವ್: 18ನೇ ಶತಮಾನದ ಮೊದಲರ್ಧದಲ್ಲಿ ಕಡಲ್ಗಳ್ಳನೊಬ್ಬನಿಗೆ ಮಲಗಾಸಿ (ಮಡಗಾಸ್ಕರಿನ) ಹೆಣ್ಣಿನಲ್ಲಿ ಹುಟ್ಟಿದ ರಾಟ್ಸಿಮಿಲಾಹೊ ಕಟ್ಟಿದ ಬೆಟ್ಸಿಮಿಸರಾಕ ಒಕ್ಕೂಟ. ನೈರುತ್ಯದ ಸೇಂಟ್ ಆಗಸ್ಟೀನ್ ಕೊಲ್ಲಿಯಲ್ಲಿ ಸಣ್ಣ ಅರಸರು. ನಡುನಾಡಿನ ಇಮೆರಿನಾ ಎಂಬ ಹೆಸರು ಬಂದರುಗಳ ಪಟ್ಟಿಯಲ್ಲಿ ಬರಲು ಸಾಧ್ಯವೇ ಇಲ್ಲ, ಏಕೆಂದರೆ ಅದಕ್ಕೆ ಕಡಲೇ ಇರಲಿಲ್ಲ. ಕೊನೆಗೆ ಇಡೀ ದ್ವೀಪದ ಅರಸೊತ್ತಿಗೆ ಎನಿಸಿಕೊಂಡದ್ದು ಅದೇ ಇಮೆರಿನಾ. ಜಾಲತಾಣವನ್ನು ಮಾತ್ರ ನಂಬಿದವರ ಪ್ರಾಜೆಕ್ಟಿನಿಂದ ಕಥೆಯ ಮುಖ್ಯ ಪಾತ್ರವೇ ಮಾಯವಾಗುವುದು ಹೀಗೆ.

ಇನ್ನೊಂದು ದೊಡ್ಡ ಖಾಲಿ ಇದೆ. 18ನೇ ಶತಮಾನದಲ್ಲಿ ಮಡಗಾಸ್ಕರಿನ ಜನರನ್ನು ಹೆಚ್ಚಾಗಿ ಒಯ್ದದ್ದು ಅಮೆರಿಕಕ್ಕಲ್ಲ, ಪಕ್ಕದ ಫ್ರೆಂಚ್ ದ್ವೀಪಗಳಾದ ಇಂದಿನ ಮಾರಿಷಸ್ ಮತ್ತು ರಿಯೂನಿಯನ್‌ಗೆ. ಆ ಹಡಗುಗಳು ಅಟ್ಲಾಂಟಿಕ್ ದಾಟಲಿಲ್ಲ, ಆದ್ದರಿಂದ ಅಟ್ಲಾಂಟಿಕ್ ವಿಭಾಗದ ಕೋಷ್ಟಕದಲ್ಲಿ ಅವು ಇಲ್ಲ. ‘1725ರ ನಂತರ ಮಡಗಾಸ್ಕರಿನಲ್ಲಿ ಗುಲಾಮ ವ್ಯಾಪಾರ ಇಳಿಯಿತು’ ಎಂದು ಗ್ರಾಫ್ ನೋಡಿ ಬರೆಯುವ ಮಕ್ಕಳು ಬಹಳ. ನಿಜದಲ್ಲಿ ಅದು ಏರಿತ್ತು, ದಿಕ್ಕು ಬದಲಾಗಿತ್ತು ಅಷ್ಟೆ. ಹಿಂದೂ ಮಹಾಸಾಗರ ಮತ್ತು ಏಷ್ಯಾದ ಕಡಲಿನ ಗುಲಾಮ ಪಯಣಗಳನ್ನು ಆಮ್‌ಸ್ಟರ್‌ಡಾಮಿನ ಅಂತರರಾಷ್ಟ್ರೀಯ ಸಾಮಾಜಿಕ ಇತಿಹಾಸ ಸಂಸ್ಥೆಯ ಯೋಜನೆಯೊಂದು ಒಟ್ಟುಗೂಡಿಸುತ್ತಿದೆ. ಈ ವಿಷಯ ಹಿಡಿದವರು ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಳ್ಳಬೇಕು.

ಇನ್ನು ಬಲ ಬೆಳೆದ ಬಗೆ. ಒಳನಾಡಿನ ಹಳ್ಳಿಗಳು ಪರಸ್ಪರ ಕಾದಾಡುತ್ತಿದ್ದ ಕಾಲದಲ್ಲಿ ಸೆರೆ ಸಿಕ್ಕವರನ್ನು ಯಾರು ಬೇಕಾದರೂ ಬಂದರಿಗೆ ಮಾರಬಹುದಿತ್ತು. ಬದಲಿಗೆ ಬಂದೂಕು, ಮದ್ದು, ಬೆಳ್ಳಿ ನಾಣ್ಯ ಬರುತ್ತಿತ್ತು. ಯಾರ ಕೈಗೆ ಬಂದೂಕು ಹೆಚ್ಚು ಸೇರಿತೋ ಅವನು ಹೆಚ್ಚು ಸೆರೆ ಹಿಡಿದ, ಹೆಚ್ಚು ಸೆರೆ ಹಿಡಿದವನು ಮತ್ತಷ್ಟು ಬಂದೂಕು ಕೊಂಡ. ಇಲ್ಲಿಗೇ ನಿಂತರೆ ದರೋಡೆ ನಾಯಕರಷ್ಟೇ ಹುಟ್ಟುತ್ತಾರೆ. ಅರಸ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ, ಸಂತೆಯನ್ನೂ ದಾರಿಯನ್ನೂ ತನ್ನ ಕೈಗೆ ತೆಗೆದುಕೊಂಡಾಗ. 18ನೇ ಶತಮಾನದ ಕೊನೆಗೆ ಇಮೆರಿನಾವನ್ನು ಒಂದುಗೂಡಿಸಿದ ಆಂದ್ರಿಯಾನಂಪೊಯಿನಿಮೆರಿನಾ ಮಾಡಿದ್ದು ಇದನ್ನೇ. ಸಂತೆಗಳಿಗೆ ವಾರ ಗೊತ್ತುಮಾಡಿದ, ಬಂದೂಕು ಮತ್ತು ಗುಲಾಮರ ವ್ಯಾಪಾರವನ್ನು ಅರಮನೆಯ ಹಿಡಿತಕ್ಕೆ ಎಳೆದ, ಪ್ರಜೆಗಳ ಬಿಟ್ಟಿದುಡಿಮೆಯಿಂದ ಗದ್ದೆಗೆ ಕಟ್ಟೆ ಕಟ್ಟಿಸಿದ. ‘ಕಡಲೇ ನನ್ನ ಗದ್ದೆಯ ಬದು’ ಎಂಬ ಮಾತು ಅವನ ಹೆಸರಿನಲ್ಲಿ ಇಂದಿಗೂ ಅಲ್ಲಿ ಪ್ರಸಿದ್ಧ.

ಅವನ ಮಗ ಒಂದನೇ ರಾಡಾಮ (1810–1828) ಕಾಲದ ದಾಖಲೆಯೊಂದನ್ನು ಪ್ರಾಜೆಕ್ಟಿನ ನಡುಮಧ್ಯೆ ಇಡಬೇಕು. 1817ರ ಅಕ್ಟೋಬರಿನಲ್ಲಿ ಮಾರಿಷಸ್‌ನ ಗವರ್ನರ್ ರಾಬರ್ಟ್ ಫಾರ್ಕ್ಹರ್ ಪರವಾಗಿ ಮಾಡಿಕೊಂಡ ಒಪ್ಪಂದ ಅದು. ರಾಡಾಮ ತನ್ನ ನಾಡಿನಿಂದ ಗುಲಾಮರ ರಫ್ತು ನಿಲ್ಲಿಸಬೇಕು, ಬ್ರಿಟಿಷರು ಪ್ರತಿವರ್ಷ ಪರಿಹಾರ ಕೊಡಬೇಕು. ಪರಿಹಾರದ ಪಟ್ಟಿಯಲ್ಲಿ 1,000 ಡಾಲರ್ ಚಿನ್ನದಲ್ಲಿ, 1,000 ಡಾಲರ್ ಬೆಳ್ಳಿಯಲ್ಲಿ, ತಲಾ 100 ಪೌಂಡಿನ 100 ಪೀಪಾಯಿ ಮದ್ದು, 100 ಇಂಗ್ಲಿಷ್ ಬಂದೂಕು, 10,000 ಚಕಮಕಿ ಕಲ್ಲು, 400 ಸೈನಿಕರಿಗೆ ಅಂಗಿ, ಇಜಾರ, ಬೂಟು, ಟೊಪ್ಪಿ, 12 ಸಾರ್ಜೆಂಟ್ ಕತ್ತಿ, 400 ತುಂಡು ಬಿಳಿ ಬಟ್ಟೆ, 200 ತುಂಡು ನೀಲಿ ಬಟ್ಟೆ, ಅರಸನಿಗೆ ಪೂರ್ಣ ಉಡುಪು, ಎರಡು ಕುದುರೆ. ಮಕ್ಕಳಿಂದ ಲೆಕ್ಕ ಹಾಕಿಸಿ: ಮದ್ದೊಂದೇ ವರ್ಷಕ್ಕೆ 10,000 ಪೌಂಡ್, ಅಂದರೆ ನಾಲ್ಕೂವರೆ ಟನ್. ಗುಲಾಮ ವ್ಯಾಪಾರ ನಿಲ್ಲಿಸುವುದಕ್ಕೆ ಕೊಟ್ಟದ್ದು ಸೇನೆ ಕಟ್ಟುವ ಸಾಮಾನು. ಒಪ್ಪಂದದಲ್ಲಿ ರಾಡಾಮನನ್ನು ‘ಮಡಗಾಸ್ಕರಿನ ಅರಸ’ ಎಂದು ಕರೆದದ್ದೂ ಅಷ್ಟೇ ಬೆಲೆಬಾಳುವ ಕೊಡುಗೆ, ಆಗಿನ್ನೂ ದ್ವೀಪದ ಬಹುಭಾಗ ಅವನ ಕೈಯಲ್ಲಿರಲಿಲ್ಲ.

ಮಾರಿಷಸ್‌ನ ಹಂಗಾಮಿ ಗವರ್ನರ್ ಹಾಲ್ 1818ರಲ್ಲಿ ಈ ಮಾತಿಗೆ ತಪ್ಪಿದ, 1820ರಲ್ಲಿ ಪ್ರತಿನಿಧಿ ಜೇಮ್ಸ್ ಹೇಸ್ಟಿ ಮೂಲಕ ಒಪ್ಪಂದ ಮತ್ತೆ ಕುದುರಿತು. ಆಮೇಲಾದದ್ದನ್ನು ಗಮನವಿಟ್ಟು ಕಲಿಸಬೇಕು. ರಫ್ತಿನ ನಿಷೇಧದಿಂದ ಕರಾವಳಿಯ ಎದುರಾಳಿ ಅರಸರ ಆದಾಯ ಕುಸಿಯಿತು, ಬ್ರಿಟಿಷ್ ಸಾಮಾನು ರಾಡಾಮನಿಗೊಬ್ಬನಿಗೇ ಬಂತು. ಬ್ರಿಟಿಷ್ ಸಾರ್ಜೆಂಟ್ ಬ್ರೇಡಿ ತರಬೇತಿ ಕೊಟ್ಟ ಸ್ಥಾಯೀ ಸೇನೆ 1820ರ ದಶಕದಲ್ಲಿ ದ್ವೀಪದ ದೊಡ್ಡ ಭಾಗ ಗೆದ್ದಿತು. ಆ ದಂಡಯಾತ್ರೆಗಳಲ್ಲಿ ಸೆರೆ ಸಿಕ್ಕ ಹೆಂಗಸರು ಮಕ್ಕಳನ್ನು ಹೊರಗೆ ಮಾರುವಂತಿರಲಿಲ್ಲ, ಇಮೆರಿನಾಕ್ಕೆ ತಂದು ಗುಲಾಮರನ್ನಾಗಿಸಿದರು. ಹಡಗುಗಳ ಕೋಷ್ಟಕ ಮಾತ್ರ ನೋಡಿದರೆ ನಿಷೇಧ ಗೆದ್ದಂತೆ ಕಾಣುತ್ತದೆ. ದ್ವೀಪದೊಳಗೆ ಗುಲಾಮಗಿರಿ ಹೆಚ್ಚಿತು. ಮಡಗಾಸ್ಕರಿನಲ್ಲಿ ಅದು ಕಾನೂನಿನಿಂದ ರದ್ದಾದದ್ದು 1896ರಲ್ಲಿ, ಫ್ರೆಂಚರು ದ್ವೀಪ ಹಿಡಿದ ಮೇಲೆ.

ಹೋಲಿಕೆಗೆ ಬೇರೆ ದ್ವೀಪ ಬೇಕಾದರೆ ಬಾಲಿ ಒಳ್ಳೆಯದು. ಅಲ್ಲಿನ ಅರಸರಿಗೆ ಬೇಟೆಯ ದಂಡೂ ಬೇಕಿರಲಿಲ್ಲ, ಕಾನೂನೇ ಸಾಕಿತ್ತು. ಸಾಲ ತೀರಿಸಲಾಗದವರು, ಶಿಕ್ಷೆಗೊಳಗಾದವರು, ಗಂಡು ಸಂತಾನವಿಲ್ಲದೆ ಸತ್ತವನ ಹೆಂಡತಿ ಹೆಣ್ಣುಮಕ್ಕಳು ಅರಸನ ಪಾಲಾಗುತ್ತಿದ್ದರು, ಅಲ್ಲಿಂದ ಡಚ್ಚರ ಬಟಾವಿಯಾಕ್ಕೆ (ಇಂದಿನ ಜಕಾರ್ತ) ಸಾಗುತ್ತಿದ್ದರು. ಫಿಲಿಪೀನ್ಸ್ ದಕ್ಷಿಣದ ಸುಲು ಸುಲ್ತಾನಗಿರಿಯದು ತಿರುಗುಮುರುಗು: ಚೀನಾದ ಮಾರುಕಟ್ಟೆಗೆ ಬೇಕಾದ ಕಡಲಸೌತೆ, ಮುತ್ತು, ಹಕ್ಕಿಗೂಡು ಸಂಗ್ರಹಿಸಲು ಆಳು ಬೇಕಾಗಿ ಸುತ್ತಲಿನ ಕರಾವಳಿಯಿಂದ ಜನರನ್ನು ಹಿಡಿದು ಒಳಗೆ ತಂದರು. 1770ರಿಂದ 1870ರವರೆಗೆ 2ರಿಂದ 3 ಲಕ್ಷ ಜನ ಎಂಬುದು ಇತಿಹಾಸಕಾರ ಜೇಮ್ಸ್ ವಾರನ್ ಅಂದಾಜು. ಪೂರ್ವ ಆಫ್ರಿಕಾದ ಜಾಂಜಿಬಾರಿನಲ್ಲಿ ಗುಲಾಮರು ದುಡಿಯುತ್ತಿದ್ದ ಲವಂಗದ ತೋಟ, ಸುಲ್ತಾನ ಸಯ್ಯಿದ್ ಸಯೀದ್, ಸುಂಕದ ಗುತ್ತಿಗೆ ಹಿಡಿದ ಕಚ್ಛಿನ ಭಾಟಿಯಾ ವರ್ತಕ ಜೈರಾಮ್ ಶಿವಜಿಯ ಮನೆತನ. ಭಾರತದ ಬಂಡವಾಳ ಆ ಸುಲ್ತಾನಗಿರಿಯ ಬೆನ್ನಿಗಿತ್ತು ಎಂಬುದನ್ನು ನಮ್ಮ ತರಗತಿಗಳಲ್ಲಿ ಮುಚ್ಚಿಡಬಾರದು.

ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಕೆಲವು ಮಾತು. ಇಡೀ ದತ್ತಾಂಶ ಇಳಿಸಬೇಡಿ, ಕಂಬಸಾಲುಗಳ ರಾಶಿಯಲ್ಲಿ ಹಳೆಯ ಯಂತ್ರ ತಿಣುಕುತ್ತದೆ. ಮೊದಲು ಶೋಧಿಸಿ, ವರ್ಷ, ಧ್ವಜ, ಕೊಂಡ ಜಾಗ, ಇಳಿಸಿದ ಜಾಗ, ಏರಿದವರು, ಇಳಿದವರು ಇಷ್ಟನ್ನು ಮಾತ್ರ ಉಳಿಸಿಕೊಳ್ಳಿ. ಲಿಬ್ರೆ ಆಫೀಸ್ ಕ್ಯಾಲ್ಕಿನಲ್ಲಿ ತೆರೆಯುವಾಗ ಅಕ್ಷರ ಸಂಕೇತ ಯುಟಿಎಫ್-8, ವಿಭಜಕ ಅಲ್ಪವಿರಾಮ ಎಂದು ಆರಿಸಿ, ಇಲ್ಲವಾದರೆ ಫ್ರೆಂಚ್, ಪೋರ್ಚುಗೀಸ್ ಹೆಸರುಗಳು ಕಲಸಿಹೋಗುತ್ತವೆ. ಖಾಲಿ ಕೋಶವೆಂದರೆ ‘ತಿಳಿದಿಲ್ಲ’, ಸೊನ್ನೆಯಲ್ಲ. ಅಲ್ಲಿ ಸೊನ್ನೆ ತುಂಬಿ ಸರಾಸರಿ ತೆಗೆದರೆ ಪ್ರತಿ ಹಡಗಿನ ಜನಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ದಾಖಲೆಯಲ್ಲಿ ನೇರವಾಗಿ ಸಿಕ್ಕ ಸಂಖ್ಯೆ, ಸಂಪಾದಕರು ಲೆಕ್ಕ ಹಾಕಿ ತುಂಬಿದ ಸಂಖ್ಯೆ ಎರಡೂ ಬೇರೆ ಬೇರೆ ಕಂಬಸಾಲಿನಲ್ಲಿವೆ, ಅವನ್ನು ಕೂಡಿಸಬಾರದು. ಪಯಣಗಳ ಕೋಷ್ಟಕದ ಮೊತ್ತವನ್ನು ಇಡೀ ವ್ಯಾಪಾರದ ಮೊತ್ತ ಎನ್ನಲೂ ಆಗದು. ದಾಖಲೆ ಉಳಿದದ್ದು ಸುಮಾರು ಐದರಲ್ಲಿ ನಾಲ್ಕು ಪಾಲಿಗೆ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಕೈಕೊಡುವುದರಿಂದ ಕಡತವನ್ನು ಹಿಂದಿನ ದಿನವೇ ಇಳಿಸಿಟ್ಟು, ಒಂದು ನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿಟ್ಟುಕೊಳ್ಳುವುದು ವಾಸಿ. ಫೋನಿನಲ್ಲಿ ಕೋಷ್ಟಕ ಓದುವುದು ಕಷ್ಟ.

ಅಟ್ಲಾಂಟಿಕ್ ವ್ಯಾಪಾರಕ್ಕೆ ಐದರಲ್ಲಿ ಐದು ಅಂಕ. ದ್ವೀಪರಾಜ್ಯಗಳಿಗೆ ಎರಡೂವರೆ. ನೆಲದ ಮೇಲಿನ ಗುಲಾಮಗಿರಿಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ, ಅದು ಇದರ ಕೆಲಸವಲ್ಲ. ತುಳುನಾಡಿನ ಮೂಲದಾಳುಗಳು (ವಂಶಪಾರಂಪರ್ಯದ ಜೀತದಾಳುಗಳು), ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆ ತೆಗೆದ 1843ರ ಕಾಯಿದೆ, ಅಪಹರಿಸಿ ತಂದ ತಿರುವಿದಾಂಕೂರಿನ ಮಕ್ಕಳನ್ನು ಕಣ್ಣೂರಿನ ಬಳಿಯ ಅಂಜರಕಂಡಿಯ ತೋಟದಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಬೇಬರ್ ಪತ್ತೆ ಹಚ್ಚಿದ ಪ್ರಕರಣ ಇವನ್ನೆಲ್ಲ ಬೇರೆ ಕಡೆ ಹುಡುಕಬೇಕು.

ಕಾಸರಗೋಡಿನ ಮಕ್ಕಳಿಗೆ ಬಂದರಿನ ಏಕಸ್ವಾಮ್ಯದಿಂದ ಅರಸೊತ್ತಿಗೆ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಹತ್ತಿರದ ಉದಾಹರಣೆಯೂ ಇದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಕಾಸರಗೋಡು ಕೇರಳಕ್ಕೆ ಹೋದದ್ದೂ ಅದೇ ದಿನ. ಅದಕ್ಕೂ ಹಿಂದೆ, ಟಿಪ್ಪುವಿನ ಕೈಗೆ ಬರುವ ಮೊದಲು, ಅವನ್ನು ಆಳಿದ್ದು ಕಣ್ಣೂರಿನ ಅರಕ್ಕಲ್ ಅಲಿ ರಾಜ. ಅಲ್ಲಿ ಮಾರಿದ್ದು ಮನುಷ್ಯರನ್ನಲ್ಲ, ನಾರಿನ ಹಗ್ಗವನ್ನು: ದ್ವೀಪದವರು ಹಗ್ಗವನ್ನು ಅರಸನಿಗೇ, ಅವನು ಹೇಳಿದ ದರಕ್ಕೆ ಕೊಟ್ಟು ಅಕ್ಕಿ ಪಡೆಯಬೇಕಿತ್ತು. ಆ ಹಿಡಿತ ತಾಳಲಾರದೆ ಅಮಿನಿಯವರು ಬಂಡೆದ್ದು ಟಿಪ್ಪುವಿನ ಆಶ್ರಯಕ್ಕೆ ಹೋದರು. ಮಡಗಾಸ್ಕರಿಗೆ ಬಳಸಿದ ಅದೇ ನಾಲ್ಕು ಕಂಬಸಾಲುಗಳಲ್ಲಿ ಎರಡನೆಯದಕ್ಕೆ ‘ಹಗ್ಗ ಹೊಸೆದವರು’ ಎಂದು ಬರೆದು ಮೊದಲು ಅಮಿನಿಯ ಹಾಳೆ ತುಂಬಿಸಿ, ಆಮೇಲೆ ಇಮೆರಿನಾದ ಹಾಳೆ ಕೊಡಿ. ಎರಡಕ್ಕೂ ಸೇರಿ ಎರಡು ಪೀರಿಯಡ್ ಸಾಕು.